ತಪ್ಪು ಡೋರ್ ನಂಬರ್

1987ರ ಜುಲೈನಲ್ಲಿ, ಮದ್ರಾಸಿನ ಒಂದು ಸರ್ಕಾರಿ ಕ್ಷಯ ಕ್ಲಿನಿಕ್ಕಿನಲ್ಲಿ ವಿಳಾಸ ಬರೆಸುವಾಗ ನಾನು 14 ಅನ್ನುವ ಕಡೆ 41 ಅಂದೆ. ಬಾಯಿ ತಪ್ಪಿ ಬಂದದ್ದಲ್ಲ. ಬೆಂಚಿನ ಮೇಲೆ ಕೂತು ಮುಕ್ಕಾಲು ಗಂಟೆ ಯೋಚಿಸಿ ಆರಿಸಿದ ನಂಬರ್ ಅದು. ಬೀದಿಯ ಹೆಸರು ಸರಿಯಿತ್ತು, ವೆಸ್ಟ್ ಮಾಂಬಲಂ ಸರಿಯಿತ್ತು, ಪಿನ್‌ಕೋಡ್ ಕೂಡ ಸರಿಯಿತ್ತು. ಎರಡು ಅಂಕಿಗಳನ್ನು ಮಾತ್ರ ತಿರುವಿ ಹಾಕಿದ್ದೆ. ನಾಳೆ ಯಾರಾದರೂ ಹಿಡಿದರೆ ಬರೆದುಕೊಂಡವರ ತಪ್ಪು ಅಂದುಬಿಡಬಹುದಲ್ಲ. ನಾನು ಬ್ಯಾಂಕಿನ ಗುಮಾಸ್ತ. ಸಂಜೆ ಲೆಕ್ಕ ತಾಳೆಯಾಗದೆ ಉಳಿದ ವ್ಯತ್ಯಾಸ ಒಂಬತ್ತರಿಂದ ಭಾಗವಾಯಿತೆಂದರೆ ಯಾರೋ ಅಂಕಿ ಹಿಂದುಮುಂದು ಬರೆದಿದ್ದಾರೆ ಎಂದು ಹುಡುಕಲು ಕೂರುವವರು ನಾವು. 41ರಲ್ಲಿ 14 ಕಳೆದರೆ 27. ನನ್ನ ಸುಳ್ಳೂ ಒಂಬತ್ತರಿಂದ ಭಾಗವಾಗುವಂಥದ್ದೇ.

ಆಗ ನನಗೆ ಇಪ್ಪತ್ತಮೂರು. ಕುಂದಾಪುರದ ಹತ್ತಿರದ ಕೋಟದಿಂದ ಬಂದವನು. ಪ್ರೊಬೇಷನ್ ಇನ್ನೂ ಮುಗಿದಿರಲಿಲ್ಲ. ಇದ್ದದ್ದು ಚಿಕ್ಕಪ್ಪನ ಮನೆಯಲ್ಲಿ. ಮನೆ ಎಂದರೆ ಒಂದು ಪೋರ್ಷನ್: ಒಂದು ಹಾಲ್, ಒಂದು ಕೋಣೆ, ಅಡಿಗೆಮನೆ, ಹಿಂದೆ ನಾಲ್ಕು ಮನೆಗೂ ಸೇರಿದ ಬಚ್ಚಲು. ಚಿಕ್ಕಪ್ಪ ಒಂದು ಉಡುಪಿ ಹೋಟೆಲಿನ ಗಲ್ಲೆಯಲ್ಲಿ ಕೂರುತ್ತಿದ್ದರು. ಅವರಿಗೆ ಎಂಟು ವರ್ಷದ ಮಗಳು, ನಾಲ್ಕು ವರ್ಷದ ಮಗ. ಹಾಲಿನಲ್ಲಿ ನನ್ನ ಚಾಪೆ. ಕತೆ ಕೇಳುವ ನೆಪದಲ್ಲಿ ಆ ಹುಡುಗ ದಿನಾ ಬಂದು ನನ್ನ ಪಕ್ಕದಲ್ಲೇ ನಿದ್ದೆ ಹೋಗುತ್ತಿದ್ದ.

ಕೆಮ್ಮು ಶುರುವಾದದ್ದು ಮೇ ತಿಂಗಳಲ್ಲಿ. ಬೀದಿಯ ಮೂಲೆಯ ಖಾಸಗಿ ಡಾಕ್ಟರು ಆರು ವಾರ ಕೆಮ್ಮಿನ ಸಿರಪ್ ಕೊಟ್ಟರು. ಮೂರು ಸಲ ಬಾಟಲಿಯ ಬಣ್ಣ ಬದಲಾಯಿತು. ಸಂಜೆಯ ಜ್ವರ, ರಾತ್ರಿ ಬನಿಯನ್ ಹಿಂಡುವಷ್ಟು ಬೆವರು. ಮೇ ತಿಂಗಳ ಮದ್ರಾಸಿನಲ್ಲಿ ಬೆವರದವರು ಯಾರು ಎಂದು ಅವರೂ ಅಂದರು, ನಾನೂ ಒಪ್ಪಿಕೊಂಡೆ. ಐವತ್ತನಾಲ್ಕು ಕಿಲೋ ಇದ್ದವನು ನಲವತ್ತೇಳಕ್ಕೆ ಇಳಿದ ಮೇಲೆ, ಬ್ಯಾಂಕಿನ ಹಿರಿಯ ಸಹೋದ್ಯೋಗಿಯೊಬ್ಬರು ಏನೂ ಕೇಳದೆ, ಏನೂ ಹೇಳದೆ ಒಂದು ಚೀಟಿಯಲ್ಲಿ ಕ್ಲಿನಿಕ್ಕಿನ ದಾರಿ ಬರೆದು ಕೈಗಿಟ್ಟರು.

ಕಫದಲ್ಲಿ ಕ್ರಿಮಿ ಇತ್ತು. ಎಕ್ಸ್‌ರೇಯಲ್ಲಿ ಬಲಗಡೆಯ ಶ್ವಾಸಕೋಶದ ಮೇಲ್ಭಾಗದಲ್ಲಿ ಮೋಡದಂಥ ಮಚ್ಚೆ. ಅಲ್ಲಿಯ ಡಾಕ್ಟರು ಎರಡೇ ಮಾತು ಹೇಳಿದರು: ಒಂದು ದಿನವೂ ತಪ್ಪಿಸದೆ ಮಾತ್ರೆ ನುಂಗು, ಮನೆಯವರನ್ನೆಲ್ಲ ಕರೆದುಕೊಂಡು ಬಂದು ಪರೀಕ್ಷೆ ಮಾಡಿಸು. ಎರಡಕ್ಕೂ ತಲೆಯಾಡಿಸಿ, ಹೊರಗೆ ಬಂದು, 41 ಎಂದು ಬರೆಸಿದೆ.

ಕಾರಣಗಳಿಗೇನು ಬರವಿರಲಿಲ್ಲ. ಹೋಟೆಲಿನ ಗಲ್ಲೆಯಲ್ಲಿ ಕೂರುವವನ ಮನೆಯಲ್ಲಿ ಕ್ಷಯ ಎಂದು ಗೊತ್ತಾದರೆ ಯಜಮಾನರು ಚಿಕ್ಕಪ್ಪನನ್ನು ಎಷ್ಟು ದಿನ ಇಟ್ಟುಕೊಂಡಾರು? ಊರಲ್ಲಿ ತಂಗಿಗೆ ಗಂಡು ನೋಡುತ್ತಿದ್ದರು. ‘ಕ್ಷಯದ ಮನೆ’ ಎಂಬ ಮಾತೊಂದೇ ಸಾಕು, ಜಾತಕ ವಾಪಸು ಬರಲು. ಅದರ ಮೇಲೆ, ಹಿಂದಿನ ವರ್ಷ, ಅಂದರೆ 1986ರಲ್ಲಿ, ಇದೇ ಊರಿನಲ್ಲಿ ಡಾ. ಸುನೀತಿ ಸಾಲೊಮನ್ ಮತ್ತು ಅವರ ವಿದ್ಯಾರ್ಥಿನಿ ನಿರ್ಮಲಾ ಸೇರಿ ದೇಶದ ಮೊದಲ ಎಚ್‌ಐವಿ ಸೋಂಕುಗಳನ್ನು ಪತ್ತೆಹಚ್ಚಿದ್ದರು. ಪೇಪರಿನ ತುಂಬ ಏಡ್ಸ್. ಮನೆಯಿಂದ ದೂರ ಇರುವ ಸೊರಗಿದ ಹುಡುಗ ಎಂದರೆ ಜನ ಎರಡನೇ ಸಲ ತಿರುಗಿ ನೋಡುತ್ತಿದ್ದ ಕಾಲ ಅದು. ನನ್ನ ಕಾಯಿಲೆ ನನ್ನ ಸ್ವಂತ ವಿಷಯ, ಅದನ್ನು ಯಾರಿಗೆ ಹೇಳಬೇಕು ಬಿಡಬೇಕು ಎನ್ನುವುದು ನನಗೆ ಬಿಟ್ಟದ್ದು ಎಂದುಕೊಂಡಿದ್ದೆ. ಹಕ್ಕು ಎಂಬ ಶಬ್ದ ಆಗ ತಲೆಗೆ ಬಂದಿರಲಿಲ್ಲ, ಆದರೆ ಮನಸ್ಸಿನಲ್ಲಿದ್ದದ್ದು ಅದೇ.

ಮಾತ್ರೆಗಳಲ್ಲಿ ಒಂದು ರಿಫಾಂಪಿಸಿನ್. ಅದನ್ನು ನುಂಗಿದವರಿಗೆಲ್ಲ ಗೊತ್ತು, ಮೂತ್ರ ಕುಂಕುಮದ ನೀರಿನಂತೆ ಕೆಂಪಗಾಗುತ್ತದೆ. ನಾಲ್ಕು ಮನೆಯ ಬಚ್ಚಲಿನಲ್ಲಿ ಪ್ರತಿಸಲವೂ ಎರಡು ಬಕೆಟ್ ನೀರು ಸುರಿದು ಬರುತ್ತಿದ್ದೆ. ನೀರಿಗೆ ಬರ ಇದ್ದ ಮದ್ರಾಸಿನಲ್ಲಿ ಇದೇ ದೊಡ್ಡ ಅಪರಾಧ. ‘ಮಾಣಿಗೆ ಮಡಿ ಜಾಸ್ತಿ ಆಯ್ತ್’ ಎಂದು ಚಿಕ್ಕಮ್ಮ ನಕ್ಕರು.

ನನ್ನಂಥವನನ್ನು ಮನೆಯಲ್ಲಿ ಬಿಟ್ಟುಕೊಂಡೇ ಮದ್ದು ಕೊಡಬಹುದು ಎಂದು ಜಗತ್ತಿಗೆ ಗೊತ್ತಾದದ್ದು ಈ ಊರಿನಿಂದಲೇ ಎನ್ನುವುದು ನನಗೆ ತಿಳಿದದ್ದು ಎಷ್ಟೋ ವರ್ಷಗಳ ಮೇಲೆ. ಅದಕ್ಕೆ ಮುಂಚೆ ಕ್ಷಯ ಎಂದರೆ ಸ್ಯಾನಟೋರಿಯಂ. ಮೈಸೂರಿನವರಿಗೆ ಕೆಆರ್‌ಎಸ್ ರಸ್ತೆಯ ಕಡೆಯ ಕೃಷ್ಣಾಜಮ್ಮಣ್ಣಿ ಸ್ಯಾನಟೋರಿಯಂ ಗೊತ್ತು. ಅರಮನೆಯನ್ನೂ ಬಿಡದ ಕಾಯಿಲೆಗೆ ಬಲಿಯಾದ ರಾಜಕುಮಾರಿಯ ಹೆಸರು ಅದು. ಮದ್ರಾಸಿನವರಿಗೆ ತಾಂಬರಂ. 1928ರಲ್ಲಿ ಡಾ. ಚೌರಿ ಮುತ್ತು ಅಲ್ಲಿ ಸ್ಯಾನಟೋರಿಯಂ ತೆರೆದರು, 1937ರಲ್ಲಿ ಸರ್ಕಾರ ಅದನ್ನು ವಹಿಸಿಕೊಂಡಿತು. ಕ್ರೋಂಪೇಟೆ ದಾಟಿದ ಮೇಲೆ ಬರುವ ರೈಲ್ವೆ ಸ್ಟೇಷನ್ನಿನ ಹೆಸರು ಇವತ್ತಿಗೂ ತಾಂಬರಂ ಸ್ಯಾನಟೋರಿಯಂ. ‘ಸ್ಯಾನಟೋರಿಯಂನಲ್ಲಿ ಇಳೀತೀನಿ’ ಎನ್ನುವ ಕಾಲೇಜು ಹುಡುಗಿಯರಿಗೆ ಆ ಮಾತಿನಲ್ಲಿ ಏನೂ ಕೇಳಿಸುವುದಿಲ್ಲ. ಅವರ ಅಜ್ಜಿಯರಿಗೆ ಕೇಳಿಸುತ್ತಿತ್ತು.

ಒಳ್ಳೆಯ ಗಾಳಿ, ಹಾಲು, ಮೊಟ್ಟೆ, ವಿಶ್ರಾಂತಿ, ಎಲ್ಲಕ್ಕಿಂತ ಹೆಚ್ಚಾಗಿ ಊರಿನಿಂದ ದೂರ. ದುಡಿಯುವ ಗಂಡಸು ಹೋದರೆ ಮನೆ ಉಪವಾಸ, ಹೆಂಗಸು ಹೋದರೆ ಮಕ್ಕಳು ದಿಕ್ಕಿಲ್ಲದವರು. ಹಾಗೆಂದು ದೇಶದ ರೋಗಿಗಳಿಗೆಲ್ಲ ಸಾಲುವಷ್ಟು ಹಾಸಿಗೆ ಎಲ್ಲಿತ್ತು? 1956ರಲ್ಲಿ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ, ಮದ್ರಾಸ್ ಸರ್ಕಾರ, ವಿಶ್ವ ಆರೋಗ್ಯ ಸಂಸ್ಥೆ ಮತ್ತು ಬ್ರಿಟನ್ನಿನ ವೈದ್ಯಕೀಯ ಸಂಶೋಧನಾ ಮಂಡಳಿ ಸೇರಿ ಚೇಟ್‌ಪೆಟ್‌ನಲ್ಲಿ ಒಂದು ಕೇಂದ್ರ ತೆರೆದವು. ಮುಖ್ಯಸ್ಥರಾಗಿ ಬಂದವರು ಡಾ. ವ್ಯಾಲೇಸ್ ಫಾಕ್ಸ್. ನಗರದ ಬಡ ಬೀದಿಗಳ 193 ರೋಗಿಗಳನ್ನು ಚೀಟಿ ಎತ್ತಿದ ಹಾಗೆ ಎರಡು ಪಾಲು ಮಾಡಿದರು. ಒಂದು ಪಾಲು ಸ್ಯಾನಟೋರಿಯಂಗೆ, ಇನ್ನೊಂದು ಪಾಲು ಅವರವರ ಮನೆಗೆ. ಮದ್ದು ಇಬ್ಬರಿಗೂ ಒಂದೇ, ಒಂದು ವರ್ಷ. ಮನೆಯಲ್ಲಿದ್ದವರ ಊಟ ಕಮ್ಮಿ, ದುಡಿಮೆ ಜಾಸ್ತಿ, ಮಲಗುವ ಜಾಗ ಕಿಷ್ಕಿಂಧೆ. 1959ರಲ್ಲಿ ಫಲಿತಾಂಶ ಪ್ರಕಟವಾಯಿತು: ಸ್ಯಾನಟೋರಿಯಂನಲ್ಲಿ ನೂರಕ್ಕೆ 92 ಮಂದಿಯ ಕಾಯಿಲೆ ಹತೋಟಿಗೆ ಬಂದಿತ್ತು, ಮನೆಯಲ್ಲಿ 86. ಅದಕ್ಕಿಂತ ದೊಡ್ಡ ಸುದ್ದಿ ಇನ್ನೊಂದು. ರೋಗಿಯನ್ನು ಮನೆಯಲ್ಲೇ ಇಟ್ಟುಕೊಂಡ ಕುಟುಂಬಗಳಲ್ಲಿ ಉಳಿದವರಿಗೆ ಕಾಯಿಲೆ ತಗುಲಿದ್ದು, ರೋಗಿಯನ್ನು ಕಳಿಸಿಕೊಟ್ಟ ಕುಟುಂಬಗಳಿಗಿಂತ ಹೆಚ್ಚೇನಲ್ಲ. ಅಂಟುವುದೆಲ್ಲ ಬಹುಪಾಲು ಮದ್ದು ಶುರುವಾಗುವ ಮುಂಚೆಯೇ ಅಂಟಿಬಿಟ್ಟಿರುತ್ತದೆ. ಸ್ಯಾನಟೋರಿಯಂಗಳ ಕಾಲ ಮುಗಿಯಲು ಈ ಲೆಕ್ಕ ದೊಡ್ಡ ಕಾರಣವಾಯಿತು.

ನನಗೆ ಹಿಡಿಸಿದ್ದು ಆ ಪ್ರಯೋಗದ ಒಂದು ಸಣ್ಣ ವಿವರ. ಮನೆಗೆ ಬಿಟ್ಟ ರೋಗಿಗಳ ಬಾಗಿಲನ್ನು ಕೇಂದ್ರದವರು ಹೇಳದೆ ಕೇಳದೆ ಬಂದು ತಟ್ಟುತ್ತಿದ್ದರು. ಉಳಿದ ಮದ್ದು ಎಣಿಸುತ್ತಿದ್ದರು. ಮೂತ್ರ ಪರೀಕ್ಷೆ ಮಾಡಿ, ನುಂಗಿದ್ದಾನೋ ಮೋರಿಗೆ ಹಾಕಿದ್ದಾನೋ ನೋಡುತ್ತಿದ್ದರು. ಹೆಂಡತಿ ಮಕ್ಕಳ ಜೊತೆ ಇರು, ಕೆಲಸಕ್ಕೆ ಹೋಗು, ಯಾರೂ ನಿನ್ನನ್ನು ಊರ ಹೊರಗೆ ಹಾಕುವುದಿಲ್ಲ. ಆದರೆ ನಾವು ಯಾವಾಗ ಬೇಕಾದರೂ ಬಾಗಿಲು ತಟ್ಟುತ್ತೇವೆ, ತೆಗೆಯಬೇಕು. ಇದು ಆ ಒಪ್ಪಂದ. ನಾನು ಮಾಡಿದ್ದೇನೆಂದರೆ, ಮೊದಲ ಅರ್ಧವನ್ನು ಇಟ್ಟುಕೊಂಡು, ಬಾಗಿಲನ್ನು ಇಪ್ಪತ್ತೇಳು ಮನೆ ಆಚೆಗೆ ಸರಿಸಿಬಿಟ್ಟೆ.

ಎರಡು ತಿಂಗಳಿಗೆ ಕೆಮ್ಮು ಹೋಯಿತು. ನಾಲ್ಕು ಕಿಲೋ ತೂಕ ಬಂತು. ಮೂರನೇ ತಿಂಗಳಿಂದ ವಾರಕ್ಕೆರಡು ಸಲ, ಮಂಗಳವಾರ ಮತ್ತು ಶುಕ್ರವಾರ, ಕ್ಲಿನಿಕ್ಕಿಗೆ ಹೋಗಿ ಅವರ ಎದುರಿಗೇ ಮಾತ್ರೆ ನುಂಗಬೇಕಿತ್ತು. ಬ್ಯಾಂಕಿನಲ್ಲಿ ಪ್ರತಿಸಲವೂ ಅರ್ಧ ಗಂಟೆ ಪರ್ಮಿಷನ್ ಕೇಳಬೇಕು. ಕೇಳಿದಾಗಲೆಲ್ಲ ಮ್ಯಾನೇಜರು ಕನ್ನಡಕದ ಮೇಲಿಂದ ನೋಡುತ್ತಿದ್ದರು. ಅಕ್ಟೋಬರ್ ಮೊದಲ ವಾರ ಒಂದು ಮಂಗಳವಾರ ಹೋಗಲಿಲ್ಲ. ಏನೂ ಆಗಲಿಲ್ಲ. ಶುಕ್ರವಾರವೂ ಹೋಗಲಿಲ್ಲ. ಆಮೇಲೆ ಹೋಗಲು ನಾಚಿಕೆಯಾಯಿತು. ಮದ್ದು ಬಿಟ್ಟವರಲ್ಲಿ ಎಷ್ಟು ಮಂದಿ ಸೋಮಾರಿತನದಿಂದ ಬಿಟ್ಟಿರುತ್ತಾರೆ, ಎಷ್ಟು ಮಂದಿ ಎರಡು ಸಲ ತಪ್ಪಿಸಿ ಬೈಸಿಕೊಳ್ಳುವ ಹೆದರಿಕೆಯಿಂದ ಬಿಟ್ಟಿರುತ್ತಾರೆ ಎಂದು ಯಾರಾದರೂ ಲೆಕ್ಕ ಹಾಕಬೇಕು.

ನವೆಂಬರಿನ ಮಳೆ. ವೆಸ್ಟ್ ಮಾಂಬಲಂನಲ್ಲಿ ಮಳೆಗಾಲವನ್ನು ಕಂಡವರಿಗೆ ವಿವರಿಸಬೇಕಾಗಿಲ್ಲ. ಮೊಣಕಾಲುದ್ದ ನೀರು, ನೀರಿನ ಕೆಳಗೆ ರಸ್ತೆ ಎಲ್ಲಿದೆ ಮೋರಿ ಎಲ್ಲಿದೆ ದೇವರಿಗೇ ಗೊತ್ತು. ಒಂದು ಮಂಗಳವಾರ ಸಂಜೆ ಬ್ಯಾಂಕಿನಿಂದ ಬಂದರೆ, ಹಾಲಿನಲ್ಲಿ ಕ್ಲಿನಿಕ್ಕಿನ ಹೆಲ್ತ್ ವಿಸಿಟರ್ ಕೂತಿದ್ದರು. ಸೀರೆಯ ಅಂಚು ಒದ್ದೆ, ಕೈಯಲ್ಲಿ ಚಿಕ್ಕಮ್ಮ ಕೊಟ್ಟ ಕಾಫಿ. ನನ್ನ ಕಾಲು ಹೊಸ್ತಿಲಲ್ಲೇ ನಿಂತಿತು.

‘ಪೋಸ್ಟಾಫೀಸಿನ ಆರ್‌ಡಿ ಏಜೆಂಟಂತೆ,’ ಎಂದರು ಚಿಕ್ಕಮ್ಮ. ‘ನೀನು ಕಂತು ಕಟ್ಟದೆ ಒಂದೂವರೆ ತಿಂಗಳಾಯ್ತಂತಲ್ಲ ಮಾಣಿ. ಪಾಪ, ಈ ಮಳೇಲಿ ನಿನ್ನ ಹುಡುಕ್ಕಂಡು ಬಂದಿದಾರೆ.’

ಅವರು ಕಾಫಿ ಮುಗಿಸಿ, ಲೋಟ ತಾವೇ ತೊಳೆದಿಟ್ಟು ಎದ್ದರು. ಬೀದಿಯ ತುದಿಯವರೆಗೆ ಕಳಿಸಿ ಬರಲು ಜೊತೆಗೆ ಹೋದೆ. ಕೊಡೆ ಒಂದೇ. ಅವರು ತಮಿಳಿನಲ್ಲಿ ಹೇಳಿದ್ದನ್ನು ಇಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ, ಆದರೆ ಒಂದೊಂದು ಮಾತೂ ನೆನಪಿದೆ.

‘ತಂಬಿ, ನಲವತ್ತೊಂದನೇ ನಂಬರ್ ಹುಡುಕಿಕೊಂಡು ಮೂರು ಸಲ ಬಂದೆ. ನಿಮ್ಮ ಬೀದಿ ಮೂವತ್ತೆರಡಕ್ಕೇ ಮುಗಿಯುತ್ತದೆ. ಕೊನೆಗೆ ಇಸ್ತ್ರಿ ಬಂಡಿಯವನನ್ನು ಕೇಳಿದೆ, ಕನ್ನಡ ಮಾತಾಡುವ ಬ್ಯಾಂಕಿನ ಹುಡುಗ ಯಾವ ಮನೆ ಅಂತ.’

ನಾನು ಏನೋ ತಡವರಿಸಿದೆ, ಬರೆದುಕೊಂಡವರು ತಪ್ಪಾಗಿ ಎಂದೇನೋ. ಅವರು ಅದನ್ನು ಕೇಳಿಸಿಕೊಳ್ಳಲೇ ಇಲ್ಲ.

‘ನಿನ್ನ ಕಾಯಿಲೆ ಏನು ಅಂತ ಮನೆಯವರಿಗೆ ನಾನು ಹೇಳಲಿಲ್ಲ. ಅದು ನೀನು ಹೇಳಬೇಕಾದ್ದು. ಆದರೆ ಒಳಗೆ ಒಂದು ಸಣ್ಣ ಹುಡುಗ ಆಡುತ್ತಿದ್ದ. ಅವನನ್ನು ಪರೀಕ್ಷೆ ಮಾಡದೆ ನಾನು ಬಿಡುವ ಹಾಗಿಲ್ಲ. ಶುಕ್ರವಾರದವರೆಗೆ ಟೈಮ್ ಇದೆ, ನೀನೇ ಹೇಳು. ಹೇಳದಿದ್ದರೆ ಶನಿವಾರ ನಾನು ಬಂದು ಹೇಳುತ್ತೇನೆ. ನಿನಗೆ ಗೊತ್ತಿಲ್ಲದ ಹಾಗೆ ಬರುವುದಿಲ್ಲ, ಮೊದಲು ಬ್ಯಾಂಕಿಗೆ ಫೋನ್ ಮಾಡಿ ತಿಳಿಸಿಯೇ ಬರುತ್ತೇನೆ.’ ಕೊಡೆಯನ್ನು ನನ್ನ ಕೈಯಿಂದ ತೆಗೆದುಕೊಂಡು, ‘ನಾಳೆ ಬೆಳಗ್ಗೆ ಎಂಟಕ್ಕೆ ಬಾ. ಬೈಯುವುದಿಲ್ಲ,’ ಎಂದು ನೀರಿಗಿಳಿದು ಹೋದರು.

ಮರುದಿನ ಹೋದೆ. ಬೈಯಲಿಲ್ಲ. ಮತ್ತೆ ಕಫ ಪರೀಕ್ಷೆ ಮಾಡಿದರು. ಅದೃಷ್ಟಕ್ಕೆ ಕ್ರಿಮಿ ಕಾಣಿಸಲಿಲ್ಲ. ಬಿಟ್ಟ ಕಡೆಯಿಂದ ಮಾತ್ರೆ ಶುರು.

ಬುಧವಾರ ಹೇಳಲಿಲ್ಲ. ಗುರುವಾರ ಹೇಳಲಿಲ್ಲ. ಶುಕ್ರವಾರ ರಾತ್ರಿ ಹತ್ತಕ್ಕೆ ಚಿಕ್ಕಪ್ಪ ಹೋಟೆಲಿನಿಂದ ಬಂದು, ಕಾಲು ತೊಳೆದು, ಷರಟು ಬಿಚ್ಚಿ ಮೊಳೆಗೆ ತೂಗುಹಾಕಿ, ಜೇಬಿನ ಚಿಲ್ಲರೆಯನ್ನು ಗೂಡಿನಲ್ಲಿ ಇಡುತ್ತಿದ್ದರು. ಆಗ ಹೇಳಿದೆ. ಗೂಡಿಗೆ ಮುಖ ಮಾಡಿಕೊಂಡೇ ಅವರು ಚಿಲ್ಲರೆಯನ್ನು ಜೋಡಿಸಿದರು, ನಾಲ್ಕಾಣೆ ಬೇರೆ, ಎಂಟಾಣೆ ಬೇರೆ. ಆಮೇಲೆ ‘ಹೋಟ್ಲಲ್ಲಿ ಯಾರಿಗಾದ್ರೂ ಗೊತ್ತಿತ್ತಾ?’ ಎಂದು ಕೇಳಿದರು. ಚಿಕ್ಕಮ್ಮ ಕೇಳಿದ್ದು ಬೇರೆ. ‘ಎಷ್ಟ್ ದಿನ ಆಯ್ತ್?’ ನಾನು ಉತ್ತರ ಹೇಳಿ ಮುಗಿಸುವ ಮುಂಚೆಯೇ ಅವರು ಬಂದು, ನನ್ನ ಚಾಪೆಯ ಮೇಲೆ ನಿದ್ದೆ ಹೋಗಿದ್ದ ಮಗುವನ್ನು ಎತ್ತಿಕೊಂಡು ಒಳಗಿನ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡರು.

ಮರುದಿನದಿಂದ ನನ್ನ ಲೋಟ ತಟ್ಟೆ ಬೇರೆಯಾದವು, ಚಾಪೆ ತಾರಸಿಯ ಮೆಟ್ಟಿಲಿನ ಕೆಳಗೆ ಹೋಯಿತು. ಲೋಟ ಬೇರೆ ಮಾಡಿದ್ದು ಅರ್ಥವಿಲ್ಲದ್ದು. ಕ್ಷಯ ಹರಡುವುದು ಕೆಮ್ಮಿದ ಗಾಳಿಯಿಂದ. ಲೋಟಕ್ಕೂ ಅದಕ್ಕೂ ಸಂಬಂಧವಿಲ್ಲ. ಮಗುವನ್ನು ಎತ್ತಿಕೊಂಡು ಹೋದದ್ದು ಮಾತ್ರ ಸರಿ. ಜುಲೈನಲ್ಲೇ ಆಗಬೇಕಾಗಿದ್ದದ್ದು ನವೆಂಬರಿನಲ್ಲಿ ಆಯಿತು, ಅಷ್ಟೆ. ಅವರು ನನ್ನನ್ನು ಮನೆಯಿಂದ ಹೊರಗೆ ಹಾಕಲಿಲ್ಲ ಎನ್ನುವುದನ್ನೂ ಹೇಳಬೇಕು. ಊರಿಗೂ ಬರೆಯಲಿಲ್ಲ. ತಂಗಿಯ ಮದುವೆ ಮುಂದಿನ ವೈಶಾಖದಲ್ಲಿ ನಡೆಯಿತು.

ಮನೆಯವರೆಲ್ಲ ಕ್ಲಿನಿಕ್ಕಿಗೆ ಬಂದರು. ಮಗುವಿನ ಮುಂಗೈಗೆ ಮಾಂಟೂ ಪರೀಕ್ಷೆಯ ಚುಚ್ಚುಮದ್ದು ಹಾಕಿ, ಮೂರು ದಿನ ಬಿಟ್ಟು ಬನ್ನಿ ಎಂದರು. ಮೂರನೇ ದಿನ ಆ ಹೆಲ್ತ್ ವಿಸಿಟರ್ ಪ್ಲಾಸ್ಟಿಕ್ಕಿನ ಪಾರದರ್ಶಕ ಸ್ಕೇಲ್ ಹಿಡಿದು ಚುಚ್ಚಿದ ಕಡೆಯ ಊತವನ್ನು ಅಡ್ಡಡ್ಡವಾಗಿ ಅಳೆದರು. ಚಿಕ್ಕಮ್ಮ ಮಗುವಿನ ಕೈ ಹಿಡಿದಿದ್ದರು, ಕಣ್ಣು ಮಾತ್ರ ಸ್ಕೇಲಿನ ಮೇಲೆ. ಹದಿನೆಂಟು ಮಿಲಿಮೀಟರ್. ಸೋಂಕು ತಗುಲಿದೆ, ಕಾಯಿಲೆಯಾಗಿಲ್ಲ. ಆರು ತಿಂಗಳು ದಿನಾ ಒಂದು ಮಾತ್ರೆ ಎಂದರು ಡಾಕ್ಟರು. ನನ್ನಿಂದಲೇ ತಗುಲಿದ್ದಾ ಎಂದು ಕೇಳಿದೆ. ಹೇಳಲಿಕ್ಕಾಗದು ಎಂದರು. ಬಸ್ಸಿನಲ್ಲಿರಬಹುದು, ಪಕ್ಕದ ಮನೆಯಿಂದ ಇರಬಹುದು. ನನ್ನಿಂದಲೇ ಆಗಿದ್ದರೂ, ಬಹುಶಃ ಸಿರಪ್ ಕುಡಿಯುತ್ತಿದ್ದ ಆ ಆರು ವಾರದಲ್ಲೇ ಆಗಿರಬೇಕು, ನನಗೇ ಗೊತ್ತಿಲ್ಲದಿದ್ದಾಗ. ಇದು ಸಮಾಧಾನದ ಮಾತು, ನಿಜದ ಮಾತೂ ಹೌದು. ಆದರೆ ಗೊತ್ತಾದ ಮೇಲೂ ನಾಲ್ಕು ತಿಂಗಳು ಅವನನ್ನು ಪಕ್ಕದಲ್ಲಿ ಮಲಗಿಸಿಕೊಂಡವನು ನಾನು. ಆ ನಾಲ್ಕು ತಿಂಗಳನ್ನು ಯಾವ ಡಾಕ್ಟರೂ ನನ್ನ ಲೆಕ್ಕದಿಂದ ಹೊಡೆದುಹಾಕಲಾರರು.

ಆರು ವಾರದ ಸಿರಪ್ಪಿನ ಬಗ್ಗೆಯೂ ಒಂದು ಮಾತು. ಬೆಂಗಳೂರಿನ ರಾಷ್ಟ್ರೀಯ ಕ್ಷಯರೋಗ ಸಂಸ್ಥೆ ಶುರುವಾದದ್ದು 1959ರಲ್ಲಿ. ಅಲ್ಲಿಯ ಡಿ. ಬ್ಯಾನರ್ಜಿ ಮತ್ತು ಸ್ಟಿಗ್ ಆಂಡರ್ಸನ್ ತುಮಕೂರು ಜಿಲ್ಲೆಯ ಹಳ್ಳಿಗಳಲ್ಲಿ ಕ್ಷಯದವರನ್ನು ಹುಡುಕಿ ಮಾತಾಡಿಸಿ 1963ರಲ್ಲಿ ಪ್ರಕಟಿಸಿದ ಅಧ್ಯಯನವನ್ನು ಎಲ್ಲ ಉಪದೇಶಕರೂ ಓದಬೇಕು. ಹಳ್ಳಿಯ ಬಡವರಿಗೆ ಕಾಯಿಲೆಯ ಅರಿವಿಲ್ಲ, ಜವಾಬ್ದಾರಿಯಿಲ್ಲ ಎಂಬ ನಂಬಿಕೆಯನ್ನೇ ಅದು ಬುಡಮೇಲು ಮಾಡಿತು. ಬಹುತೇಕ ಎಲ್ಲರಿಗೂ ತಮ್ಮ ಲಕ್ಷಣಗಳು ಗೊತ್ತಿದ್ದವು, ಹೆಚ್ಚಿನವರಿಗೆ ಅದರ ಚಿಂತೆಯಿತ್ತು, ಅರ್ಧದಷ್ಟು ಮಂದಿ ಚಿಕಿತ್ಸೆ ಕೇಳಿಕೊಂಡು ಹೋಗಿಯೂ ಇದ್ದರು. ಹೋದವರಿಗೆ ಸಿಕ್ಕಿದ್ದು ಕೆಮ್ಮಿನ ಮದ್ದು. ಜನರ ಜವಾಬ್ದಾರಿಯ ಬಗ್ಗೆ ಭಾಷಣ ಕೇಳಿದಾಗಲೆಲ್ಲ ನನಗೆ ಆ ಬಾಟಲಿ ನೆನಪಾಗುತ್ತದೆ. 2012ರ ಮೇ ತಿಂಗಳಿಂದ, ಕ್ಷಯ ಪತ್ತೆಯಾದರೆ ಖಾಸಗಿ ಡಾಕ್ಟರೂ ಸರ್ಕಾರಕ್ಕೆ ತಿಳಿಸಲೇಬೇಕು ಎಂದಾಯಿತು. ಪತ್ತೆಯಾದರೆ ತಾನೇ!

ಡಿಸೆಂಬರ್ 24ಕ್ಕೆ ಮುಖ್ಯಮಂತ್ರಿ ಎಂಜಿಆರ್ ತೀರಿಕೊಂಡರು. ಊರಿಗೆ ಊರೇ ಮುಚ್ಚಿತು, ಬಸ್ಸಿಲ್ಲ, ಅಲ್ಲಲ್ಲಿ ಅಂಗಡಿಗಳ ಷಟರ್ ಮುರಿದು ಬಿದ್ದಿದ್ದವು. ಶುಕ್ರವಾರ ಕ್ರಿಸ್‌ಮಸ್ ರಜೆ ಎಂದು ನನ್ನ ಸರದಿ ಶನಿವಾರಕ್ಕೆ ಹೋಗಿತ್ತು. ಮಾಂಬಲಂನಿಂದ ನಡೆದುಕೊಂಡೇ ಹೋದೆ. ಕ್ಲಿನಿಕ್ಕಿನ ಬಾಗಿಲು ಅರ್ಧ ತೆರೆದಿತ್ತು. ಒಳಗೆ ಆಕೆ ಒಬ್ಬರೇ, ಅತ್ತತ್ತು ಮುಖ ಊದಿಕೊಂಡಿತ್ತು. ಮಾತ್ರೆ ಎಣಿಸಿ ಅಂಗೈಗೆ ಹಾಕಿದರು, ನುಂಗಿದೆ, ಕಾರ್ಡಿನಲ್ಲಿ ಗೀಟು ಹಾಕಿದರು. ಇಬ್ಬರೂ ಮಾತಾಡಲಿಲ್ಲ. 1988ರ ಬೇಸಿಗೆಯಲ್ಲಿ ನನ್ನ ಕಾರ್ಡ್ ತುಂಬಿತು.

ಹತ್ತು ವರ್ಷ ಕಳೆದು, 1998ರಲ್ಲಿ, ಈ ಊರಿನ ಆಸ್ಪತ್ರೆಯೊಂದರಲ್ಲಿ ಹುಟ್ಟಿಕೊಂಡ ಪ್ರಕರಣ ಸುಪ್ರೀಂ ಕೋರ್ಟಿನಲ್ಲಿ ತೀರ್ಮಾನವಾಯಿತು. ಕಾನೂನಿನ ಪುಸ್ತಕಗಳಲ್ಲಿ ಅದರ ಹೆಸರು ‘ಮಿಸ್ಟರ್ ಎಕ್ಸ್ ವರ್ಸಸ್ ಹಾಸ್ಪಿಟಲ್ ಝಡ್’. ರೋಗಿಯೊಬ್ಬರಿಗೆ ರಕ್ತ ಕೊಡಲು ಹೋದವರ ರಕ್ತದಲ್ಲಿ ಎಚ್‌ಐವಿ ಕಂಡಿತು, ಸುದ್ದಿ ಹೊರಬಿತ್ತು, ನಿಶ್ಚಯವಾಗಿದ್ದ ಮದುವೆ ಮುರಿಯಿತು, ಆತ ಊರು ಬಿಡಬೇಕಾಯಿತು. ಗುಟ್ಟು ಬಿಟ್ಟುಕೊಟ್ಟದ್ದು ತಪ್ಪು ಎಂದು ದಾವೆ ಹೂಡಿದರು. ಗೋಪ್ಯತೆಯ ಹಕ್ಕು ಇದೆ, ಆದರೆ ಮದುವೆಯಾಗಲಿದ್ದ ಹುಡುಗಿಗೂ ಬದುಕುವ ಹಕ್ಕಿದೆ, ಇಲ್ಲಿ ಅವಳದ್ದೇ ಮೇಲು ಎಂದಿತು ಕೋರ್ಟು. ತೀರ್ಪು ಓದಿದಾಗ ನನಗೆ ಎರಡೂ ಕಡೆ ನ್ಯಾಯ ಕಂಡಿತು. ಆ ಹುಡುಗಿಗೆ ಗೊತ್ತಾಗಲೇಬೇಕಿತ್ತು. ಅವನ ಊರಿಗೆಲ್ಲ ಗೊತ್ತಾಗಬೇಕಾಗಿರಲಿಲ್ಲ.

ಮುಂದೆ 2017ರಲ್ಲಿ ಎಚ್‌ಐವಿ ಮತ್ತು ಏಡ್ಸ್ ಕಾಯ್ದೆ ಬಂತು. ಅದರಲ್ಲಿ ಹೀಗಿದೆ: ಸಂಗಾತಿಗೆ ನೀನೇ ಹೇಳು ಎಂದು ಮೊದಲು ಸೋಂಕಿತರಿಗೆ ತಿಳಿಹೇಳಬೇಕು, ಅವರು ಹೇಳುವುದಿಲ್ಲ ಎಂದು ಖಚಿತವಾದರೆ, ನಾನು ಹೇಳಲಿದ್ದೇನೆ ಎಂದು ಅವರಿಗೆ ತಿಳಿಸಿ, ಆಮೇಲೆ ಡಾಕ್ಟರೋ ಆಪ್ತಸಮಾಲೋಚಕರೋ ಹೇಳಬಹುದು. ಹೇಳಿದರೆ ಹೊಡೆತ ಬೀಳುವ, ಮನೆಯಿಂದ ತಳ್ಳುವ ಭಯವಿರುವ ಹೆಂಗಸರಿಗೆ ವಿನಾಯಿತಿಯೂ ಇದೆ. ಕಾಯ್ದೆಯ ಆ ಪುಟ ಓದುತ್ತ ನಾನು ಒಂದೇ ಕೊಡೆಯ ಕೆಳಗೆ ನಿಂತಿದ್ದೆ. ಶುಕ್ರವಾರದವರೆಗೆ ಟೈಮ್, ಶನಿವಾರ ನಾನು ಬರುತ್ತೇನೆ, ನಿನಗೆ ತಿಳಿಸಿಯೇ ಬರುತ್ತೇನೆ. ಆಕೆ ಅದನ್ನು ಯಾವ ಪುಸ್ತಕದಲ್ಲಿ ಓದಿದ್ದರೋ!

ಇಷ್ಟೆಲ್ಲ ಕಲಿತವನು ಮುಂದೆ ಏನು ಮಾಡಿದ ಎಂದು ಕೇಳಿ.

2020ರ ಜೂನ್. ಕೊಯಂಬೇಡು ಮಾರುಕಟ್ಟೆಯಿಂದ ಕೊರೊನಾ ಊರೆಲ್ಲ ಹಬ್ಬಿತ್ತು. ಅದಕ್ಕೆ ಎರಡು ತಿಂಗಳ ಹಿಂದೆ, ಏಪ್ರಿಲಿನಲ್ಲಿ, ಕೋವಿಡ್‌ನಿಂದ ತೀರಿಕೊಂಡ ನರಶಸ್ತ್ರಚಿಕಿತ್ಸಕ ಡಾ. ಸೈಮನ್ ಹರ್ಕ್ಯುಲಿಸ್ ಅವರ ದೇಹವನ್ನು ಹೂಳಲು ಬಿಡದೆ ಜನ ಆಂಬುಲೆನ್ಸ್ ಮೇಲೆ ಕಲ್ಲು ಹೊಡೆದಿದ್ದರು. ನಡುರಾತ್ರಿ ಅ‍ವರ ಸ್ನೇಹಿತ ಡಾಕ್ಟರರೇ ಮಣ್ಣು ಮಾಡಬೇಕಾಯಿತು. ನನ್ನದು ನಂಗನಲ್ಲೂರಿನ ಹನ್ನೆರಡು ಫ್ಲ್ಯಾಟುಗಳ ಕಟ್ಟಡ, ನಾನು ಅಸೋಸಿಯೇಷನ್ ಸೆಕ್ರೆಟರಿ. ಎರಡನೇ ಮಹಡಿಯ ನಿವೃತ್ತ ಮೇಷ್ಟರಿಗೆ ಪಾಸಿಟಿವ್ ಬಂತು ಎಂದು ಗೊತ್ತಾದದ್ದೇ ತಡ, ಕಾರ್ಪೊರೇಷನ್ನಿನವರು ಬಾಗಿಲಿಗೆ ಅಂಟಿಸುವ ಸ್ಟಿಕರ್ ಹಿಡಿದು ಬರುವ ಮುಂಚೆಯೇ, ನಾನು ವಾಟ್ಸಾಪ್ ಗುಂಪಿನಲ್ಲಿ ಹೆಸರು ಸಮೇತ ಫ್ಲ್ಯಾಟ್ ನಂಬರ್ ಹಾಕಿದೆ. ಈ ಸಲ ನಂಬರ್ ಸರಿಯಾಗಿಯೇ ಬರೆದೆ. ಗಂಟೆಯೊಳಗೆ ಲಿಫ್ಟ್ ಬಂದ್ ಆಯಿತು, ಕೆಲಸದವಳಿಗೆ ಅವಳು ಹೋಗುತ್ತಿದ್ದ ನಾಲ್ಕೂ ಮನೆಯವರು ಬರಬೇಡ ಎಂದರು, ಆ ಮನೆಗೆ ಹಾಲಿನವನು ನಿಂತ, ನೀರಿನ ಕ್ಯಾನಿನವನು ಕೆಳಗಿನ ಗೇಟಿನಲ್ಲೇ ಕ್ಯಾನ್ ಇಟ್ಟು ಹೋದ. ಎಪ್ಪತ್ತು ದಾಟಿದ ದಂಪತಿ ಇಪ್ಪತ್ತು ಲೀಟರಿನ ಕ್ಯಾನನ್ನು ಎರಡು ಮಹಡಿ ಹೊರುವುದು ಹೇಗೆ?

ರಾತ್ರಿ ಚಿಕ್ಕಪ್ಪನ ಮಗ ಫೋನ್ ಮಾಡಿದ. ಹದಿನೆಂಟು ಮಿಲಿಮೀಟರಿನ ಆ ಹುಡುಗನಿಗೆ ಈಗ ಎರಡು ಮಕ್ಕಳು. ಊರ ಸುದ್ದಿ ಮಾತಾಡುತ್ತ ನಾನು ಇದನ್ನು ಹೇಳಿದೆ, ಸ್ವಲ್ಪ ಹೆಮ್ಮೆಯಿಂದಲೇ ಇರಬೇಕು. ಅವನು ಸುಮ್ಮನಾದ. ಆಮೇಲೆ, ‘ಅಣ್ಣಯ್ಯ, ಆ ಆರ್‌ಡಿ ಅಮ್ಮ ಆವತ್ತು ನಮ್ಮನೆ ಬಾಗಿಲಿಗೆ ನಿನ್ನ ಹೆಸರು ಅಂಟಿಸಿ ಹೋಗಿದ್ರೆ?’ ಎಂದ.

ಬೆಳಗ್ಗೆ ಮೇಷ್ಟರಿಗೆ ಫೋನ್ ಮಾಡಿ ತಪ್ಪಾಯಿತು ಎಂದೆ. ಅವರು ದೊಡ್ಡ ಮನುಷ್ಯರು. ‘ಬಿಡಿ ಸರ್, ನಾನು ಸೆಕ್ರೆಟರಿ ಆಗಿದ್ದಿದ್ದರೂ ಅದನ್ನೇ ಮಾಡುತ್ತಿದ್ದೆ,’ ಎಂದರು. ನಂತರ ತಾವಾಗಿಯೇ ಹೇಳಿದರು: ಜ್ವರ ಬಂದದ್ದು ಬುಧವಾರ. ಪರೀಕ್ಷೆ ಮಾಡಿಸಿದ್ದು ಶನಿವಾರ. ಸ್ಟಿಕರಿಗೆ ಹೆದರಿ, ನಮ್ಮ ಗುಂಪಿಗೆ ಹೆದರಿ, ಮೂರು ದಿನ ಪ್ಯಾರಸಿಟಮಾಲ್ ನುಂಗಿಕೊಂಡು ಲಿಫ್ಟಿನಲ್ಲಿ ಓಡಾಡಿ ತರಕಾರಿ ತಂದಿದ್ದರು. ಮುಂದಿನ ವಾರ ಮೊದಲ ಮಹಡಿಯ ಹೆಂಗಸೊಬ್ಬರಿಗೆ ಬಂತು. ಮೇಷ್ಟರಿಂದಲೋ ತರಕಾರಿ ಗಾಡಿಯಿಂದಲೋ, ಹೇಳಲಿಕ್ಕಾಗದು. ಈ ಉತ್ತರ ನನಗೆ ಹೊಸದೇನಲ್ಲ.

ಅವರು ಬಚ್ಚಿಟ್ಟದ್ದು ತಪ್ಪು. ನಾನು ಬಚ್ಚಿಟ್ಟಷ್ಟೇ ತಪ್ಪು. ಆದರೆ ಬಚ್ಚಿಡುವಂತೆ ಮಾಡಿದ್ದು ನನ್ನ ಗುಂಪು, ಅಲ್ಲಿಯ ನನ್ನ ಬೆರಳು. ಆ ವರ್ಷದ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟು, ಸಂಬಂಧಪಟ್ಟ ಅಧಿಕಾರಿ ವಿಪತ್ತು ನಿರ್ವಹಣಾ ಕಾಯ್ದೆಯಡಿ ನಿರ್ದಿಷ್ಟವಾಗಿ ಆದೇಶಿಸದ ಹೊರತು ಕೋವಿಡ್ ರೋಗಿಗಳ ಮನೆಗೆ ಭಿತ್ತಿಪತ್ರ ಅಂಟಿಸಬೇಕಾಗಿಲ್ಲ ಎಂದಿತು. 2022ರ ಮೇ 2ರಂದು, ಯಾರಿಗೂ ಬಲವಂತವಾಗಿ ಲಸಿಕೆ ಹಾಕುವಂತಿಲ್ಲ, ಆದರೆ ಸಮುದಾಯದ ಹಿತಕ್ಕಾಗಿ ಸರ್ಕಾರ ಮಿತವಾದ ನಿರ್ಬಂಧ ಹೇರಬಹುದು ಎಂದೂ ಹೇಳಿತು. ಎರಡೂ ಸರಿಯಾದ ತೀರ್ಪುಗಳೇ. ಆದರೆ ನೀರಿನ ಕ್ಯಾನನ್ನು ಎರಡನೇ ಮಹಡಿಗೆ ಹೊತ್ತವನು ನಮ್ಮ ವಾಚ್‌ಮನ್, ಅದೂ ನಾವು ಯಾರೂ ಹೇಳದೆ.

ಚೇಟ್‌ಪೆಟ್‌ನ ಆ ಕೇಂದ್ರ ಈಗ ರಾಷ್ಟ್ರೀಯ ಕ್ಷಯರೋಗ ಸಂಶೋಧನಾ ಸಂಸ್ಥೆ. ಬಾಗಿಲು ತಟ್ಟುವ ಕೆಲಸಕ್ಕೆ ನಡುವೆ ಫೋನೂ ಬಂತು: ಮಾತ್ರೆಯ ಪಟ್ಟಿಯ ಹಿಂದೆ ಒಂದು ನಂಬರ್ ಅಡಗಿರುತ್ತಿತ್ತು, ಮಾತ್ರೆ ಒಡೆದು ತೆಗೆದರೆ ಮಾತ್ರ ಕಾಣುತ್ತಿತ್ತು, ಅದಕ್ಕೆ ಮಿಸ್ಡ್ ಕಾಲ್ ಕೊಟ್ಟರೆ ನುಂಗಿದ ಲೆಕ್ಕ. ಜಾಣ ಉಪಾಯ. ಆದರೆ ಇಪ್ಪತ್ತಮೂರರ ನಾನು ಮಿಸ್ಡ್ ಕಾಲ್ ಕೊಟ್ಟು ಮಾತ್ರೆಯನ್ನು ಮೋರಿಗೆ ಹಾಕುತ್ತಿದ್ದೆ ಎಂದು ನನಗೆ ಅನುಮಾನ.

ಕ್ಷಯಕ್ಕೆ ಸರ್ಕಾರಿ ಆಸ್ಪತ್ರೆಗಳಲ್ಲಿ ಪರೀಕ್ಷೆಯೂ ಮದ್ದೂ ಇವತ್ತಿಗೂ ಉಚಿತ. ಚಿಕಿತ್ಸೆಯ ಕಾಲದಲ್ಲಿ ಊಟಕ್ಕೆಂದು ತಿಂಗಳಿಗಿಷ್ಟು ಹಣ ರೋಗಿಯ ಖಾತೆಗೆ ಬರುತ್ತದೆ. ನಿಮಗಾಗಲಿ ಮನೆಯವರಿಗಾಗಲಿ ಎರಡು ವಾರ ದಾಟಿದ ಕೆಮ್ಮಿದ್ದರೆ ಸಿರಪ್ಪಿನ ಎರಡನೇ ಬಾಟಲಿ ತರಬೇಡಿ, ಕಫ ಪರೀಕ್ಷೆಗೆ ಕೊಟ್ಟು ಬನ್ನಿ. ಡೋರ್ ನಂಬರ್ ಸರಿಯಾಗಿ ಬರೆಸಿ.